ನಿಮ್ಮ ಮೈಕ್ ಆನ್ ಇದೆ ಸಾರ್

ಬಾಯಿ ಬಿಟ್ಟರೆ ಬಣ್ಣಗೇಡು. ಈ ಗಾದೆ ಹುಟ್ಟುವಾಗ ಮೈಕ್ ಇರಲಿಲ್ಲ. ಇದ್ದಿದ್ದರೆ ಗಾದೆ ಇನ್ನೂ ಸ್ವಲ್ಪ ಉದ್ದ ಆಗುತ್ತಿತ್ತು.

ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದ ಒಂದು ಸೋಮವಾರ. ಮೀಟಿಂಗ್ ನಡೆಯುತ್ತಿತ್ತು. ಪರದೆಯ ತುಂಬ 42 ಚೌಕ, ಚೌಕಕ್ಕೊಂದು ಮುಖ. ಬಾಸ್ ಸ್ಲೈಡ್ ಹಾಕಿ, ಅದರಲ್ಲಿ ಬರೆದಿದ್ದನ್ನೇ ನಮಗೆ ಓದಿ ಹೇಳುತ್ತಿದ್ದರು. ನಮಗೂ ಓದು ಬರುತ್ತದೆ ಎಂಬ ನಂಬಿಕೆ ಅವರಿಗೆ ಮೊದಲಿನಿಂದಲೂ ಇಲ್ಲ. ಅಷ್ಟರಲ್ಲಿ ಮಗಳು ಗಣಿತದ ಪುಸ್ತಕ ಹಿಡಿದು ಬಂದಳು. "ಅಪ್ಪಾ, ಭಿನ್ನರಾಶಿ ಹೇಳಿಕೊಡು."

"ತಡಿ ಪುಟ್ಟಿ, ಈ ಮನುಷ್ಯ ಇನ್ನೂ ಅರ್ಧ ಗಂಟೆ ಕೊರೀತಾನೆ" ಅಂದೆ.

ಕೊರೆತ ನಿಂತಿತು. ಕೆಲವರು ಪಟಪಟನೆ ಕ್ಯಾಮೆರಾ ಆಫ್ ಮಾಡಿಕೊಂಡರು, ನಗೋದಕ್ಕೆ. ಪರದೆಯ ಕೆಳಗಿನ ಮೈಕ್ ಚಿತ್ರದ ಮೇಲೆ ಒಂದು ಕೆಂಪು ಗೀಟು ಇರಬೇಕಿತ್ತು. ಇರಲಿಲ್ಲ. ಬಾಸ್ ತುಂಬಾ ಮೃದುವಾಗಿ ಹೇಳಿದರು: "ಹೋಗಿ, ಮಗುವಿಗೆ ಹೇಳಿಕೊಟ್ಟು ಬನ್ನಿ. ಆ ಅರ್ಧ ಗಂಟೆಯ ಅರ್ಧದಿಂದಲೇ ಶುರು ಮಾಡಿ. ಭಿನ್ನರಾಶಿ ಬೇಗ ಅರ್ಥ ಆಗುತ್ತೆ."

ಬೈದಿದ್ದರೆ ವಾಸಿ ಇತ್ತು.

ಇಂಥ ಹೊತ್ತಿನಲ್ಲಿ ಮನುಷ್ಯ ತನಗಿಂತ ದೊಡ್ಡವರು ಮಾಡಿಕೊಂಡ ಎಡವಟ್ಟುಗಳನ್ನು ಹುಡುಕುತ್ತಾನೆ. ನಾನೂ ಹುಡುಕಿದೆ. ಭರ್ತಿ ಸಿಕ್ಕವು. 1984ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ರೇಡಿಯೊ ಭಾಷಣಕ್ಕೆ ಕುಳಿತಿದ್ದರು. ಮೈಕ್ ಪರೀಕ್ಷೆ ನಡೆಯುತ್ತಿತ್ತು. ನಾವಾದರೆ "ಹಲೋ, ಹಲೋ, ಒನ್ ಟೂ ತ್ರೀ" ಅನ್ನುತ್ತೇವೆ. ಅವರು ರಷ್ಯಾವನ್ನು ಕಾಯಂ ಆಗಿ ನಿಷೇಧಿಸುವ ಕಾನೂನಿಗೆ ಸಹಿ ಹಾಕಿದ್ದೇನೆ, ಐದು ನಿಮಿಷದಲ್ಲಿ ಬಾಂಬ್ ಹಾಕೋದು ಶುರು ಅಂದುಬಿಟ್ಟರು. ಸುಮ್ನೆ ತಮಾಷೆಗೆ. ಅದು ನೇರ ಪ್ರಸಾರ ಆಗಲಿಲ್ಲ, ಆದರೆ ಸುದ್ದಿ ಸೋರಿತು. ರಷ್ಯಾದವರಿಗೆ ನಗು ಬರಲಿಲ್ಲ.

ನನಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ಬ್ರಿಟನ್ನಿನ ಗಾರ್ಡನ್ ಬ್ರೌನ್ ಕಥೆ. 2010ರ ಏಪ್ರಿಲ್ 28. ಚುನಾವಣೆಗೆ ಎಂಟೇ ದಿನ ಬಾಕಿ. ಪ್ರಧಾನಿ ಬೀದಿಯಲ್ಲಿ ಒಬ್ಬ ಹಿರಿಯ ಮಹಿಳೆಯ ಜೊತೆ ನಗುನಗುತ್ತಾ ಮಾತಾಡಿದರು. ಮೊಮ್ಮಕ್ಕಳ ವಿಷಯವನ್ನೂ ವಿಚಾರಿಸಿದರು. ಆಮೇಲೆ ಕಾರು ಹತ್ತಿ, ಆಕೆಯ ಮನಸ್ಸು ಬಹಳ ಸಣ್ಣದು ಎಂಬರ್ಥದ ಮಾತಾಡಿದರು. ಕೋಟಿಗೆ ಸಿಕ್ಕಿಸಿದ್ದ ಟಿವಿಯವರ ಮೈಕ್ ಹಾಗೇ ಇತ್ತು. ಆ ಮಾತನ್ನು ರೇಡಿಯೊ ಸ್ಟುಡಿಯೊದಲ್ಲಿ ಅವರಿಗೇ ಕೇಳಿಸಿದಾಗ, ಪಾಪ, ಹಣೆಗೆ ಕೈ ಕೊಟ್ಟು ಕುಳಿತುಬಿಟ್ಟರು. ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಅವರು ಆಕೆಯ ಮನೆಗೇ ಹೋಗಿ ಕ್ಷಮೆ ಕೇಳಿದರು. ಬಹುಮತ ಮಾತ್ರ ಬರಲಿಲ್ಲ.

"ನೋಡು, ಪ್ರಧಾನಿಗೇ ಹೀಗಾಗಿದೆ" ಅಂತ ಹೆಂಡತಿಗೆ ತೋರಿಸಿದೆ.

"ಅವರು ಪ್ರಧಾನಿ ಕಣ್ರೀ. ನೀವು ಟೀಮ್ ಲೀಡೂ ಅಲ್ಲ" ಅಂದಳು.

ಆದರೂ ಬ್ರೌನ್ ಹಾದಿಯೇ ಸರಿ ಅನ್ನಿಸಿತು. ಮರುದಿನ ಆಫೀಸಿಗೆ ಹೋಗಿ ಬಾಸ್ ಎದುರು ಕ್ಷಮೆ ಕೇಳಿದೆ. ಅದಕ್ಕೆ ಎರಡು ನಿಮಿಷ ಹಿಡಿಯಿತು. ಮುಂದಿನ 45 ನಿಮಿಷ ಅವರು ಮಾತಿನಲ್ಲಿ ಸಂಯಮ ಎಷ್ಟು ಮುಖ್ಯ ಎಂದು ಹೇಳಿದರು. ಅರ್ಧ ಗಂಟೆ ಅಂದಿದ್ದೆನಲ್ಲ, ನನ್ನ ಅಂದಾಜೇ ತಪ್ಪು.

ಇನ್ನು ಬಾಯಿ ಬಿಡೋದೇ ಬೇಡ, ಏನಿದ್ದರೂ ಬರೆದೇ ತಿಳಿಸೋಣ ಎಂದು ತೀರ್ಮಾನಿಸಿದೆ. ಬಾಣಲೆಯಿಂದ ಬೆಂಕಿಗೆ ಬಿದ್ದದ್ದು ಹೀಗೆ.

ಹೆಂಡತಿಗೆ ಅಂತ ಒಂದು ಮೆಸೇಜ್ ಬರೆದೆ: "ಚಿಕ್ಕಪ್ಪ ಫೋನ್ ಮಾಡಿದರೆ ನಾನು ಊರಲ್ಲಿಲ್ಲ ಅನ್ನು." ಅದು ಹೋಗಿ ಕುಟುಂಬದ ಗ್ರೂಪಿನಲ್ಲಿ ಬಿತ್ತು. ಆ ಗ್ರೂಪಿನ ಅಡ್ಮಿನ್ ಯಾರು ಅಂತೀರಿ? ಚಿಕ್ಕಪ್ಪನೇ. ಕೈಕಾಲು ಆಡಲಿಲ್ಲ. ಅಳಿಸೋಣ ಎಂದು ಗಡಿಬಿಡಿಯಲ್ಲಿ ಒತ್ತಿದ್ದು "ಡಿಲೀಟ್ ಫಾರ್ ಮಿ". ಈಗ ಆ ಮೆಸೇಜ್ ಇಡೀ ಬಳಗಕ್ಕೆ ಕಾಣುತ್ತದೆ, ನನಗೊಬ್ಬನಿಗೆ ಬಿಟ್ಟು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೆ ಒಂದು ಬಟನ್ನನ್ನೇ ಮಾಡಿಟ್ಟಿದ್ದಾರೆ.

ಎಲ್ಲರಿಗೂ ಅಳಿಸಿಹೋಗುವ ಸೌಲಭ್ಯವನ್ನು ವಾಟ್ಸಾಪ್ ತಂದದ್ದು 2017ರಲ್ಲಿ. ಆಗ ಪಶ್ಚಾತ್ತಾಪಕ್ಕೆ ಸಿಗುತ್ತಿದ್ದದ್ದು ಏಳೇ ನಿಮಿಷ. ಈಗ ಎರಡು ದಿನಕ್ಕಿಂತ ಜಾಸ್ತಿ ಸಿಗುತ್ತದೆ. 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಸೌಲಭ್ಯ ಬಂತು. ನನ್ನ ಹಾಗೆ ತಪ್ಪು ಡಿಲೀಟ್ ಒತ್ತಿದವರು ಐದು ಸೆಕೆಂಡ್ ಒಳಗೆ "ಅನ್‌ಡೂ" ಮಾಡಬಹುದು. ಐದು ಸೆಕೆಂಡ್! ನಾನು ಗಾಬರಿಯಾಗೋದಕ್ಕೇ ಎಂಟು ಸೆಕೆಂಡ್ ಬೇಕು. ಚಿಕ್ಕಪ್ಪ ಮಾತ್ರ ಒಂದೇ ಸಾಲು ಬರೆದರು: "ಊರಿಗೆ ಬಂದ ಮೇಲೆ ತಿಳಿಸಪ್ಪ."

ಅದೇ ವಾರ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು. "ನಿಮ್ಮ ದುಃಖದಲ್ಲಿ ನಾನೂ ಭಾಗಿ" ಎಂದು ಬರೆಯಲು ಹೊರಟೆ. ಬೆರಳು ಜಾರಿತೋ, ಫೋನ್ ತನ್ನ ಬುದ್ಧಿ ಉಪಯೋಗಿಸಿತೋ ತಿಳಿಯದು. ಹೋಗಿದ್ದು: "ನಿಮ್ಮ ದುಃಖದಲ್ಲಿ ನಾನೂ ಭೋಗಿ." ಅವರು ದೊಡ್ಡ ಮನಸ್ಸಿನವರು. ಅದನ್ನು ಓದಿ, ಆ ದಿನವಿಡೀ ಮೊದಲ ಸಲ ನಕ್ಕೆ ಅಂತ ಆಮೇಲೆ ಹೇಳಿದರು. ನಾನು ಮಾತ್ರ ಇವತ್ತಿಗೂ "ಭಾಗಿ" ಎಂಬ ಪದವನ್ನೇ ಬಳಸುವುದಿಲ್ಲ.

ಇಂಥ ಸಣ್ಣ ತಪ್ಪಿನಲ್ಲಿ ದೇವರನ್ನೂ ಬಿಟ್ಟಿಲ್ಲ ಜನ. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲ್ ಇದೆ. ಹತ್ತು ಆಜ್ಞೆಗಳಲ್ಲಿ ವ್ಯಭಿಚಾರ ಮಾಡಬಾರದು ಅನ್ನುವುದೂ ಒಂದು. ಮೊಳೆ ಜೋಡಿಸುವವನು ಆ "ಬಾರದು" ಅನ್ನುವುದನ್ನೇ ಬಿಟ್ಟ. ವ್ಯಭಿಚಾರ ಮಾಡಬೇಕು ಎಂದಾಯಿತು! ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಎಷ್ಟು ಓದುಗರು ದೇವರ ಮಾತು ಮೀರಬಾರದು ಎಂದು ಭಕ್ತಿಯಿಂದ ನಡೆದುಕೊಂಡರೋ, ಅದರ ಲೆಕ್ಕ ಯಾರೂ ಇಟ್ಟಿಲ್ಲ.

ಮೊನ್ನೆ ವರ್ಷದ ಕೊನೆಯ ಮೀಟಿಂಗ್. ಮತ್ತೆ ಅದೇ 42 ಚೌಕ. ಬಾಸ್ ವರ್ಷದ ಉತ್ತಮ ಕೆಲಸಗಾರನ ಹೆಸರು ಓದಿದರು. ನನ್ನ ಹೆಸರು!

ನಾನೂ ಮನುಷ್ಯ ತಾನೇ. ಎದ್ದು ನಿಂತೆ. ಬಾಸ್‌ಗೆ, ತಂಡಕ್ಕೆ, ತಾಳಿಕೊಂಡ ಹೆಂಡತಿಗೆ, ಚಿಕ್ಕಪ್ಪನಿಗೆ, ಕೊನೆಗೆ ದೇವರಿಗೆ, ಹೀಗೆ ಒಬ್ಬೊಬ್ಬರನ್ನೇ ನೆನೆದು ಕೃತಜ್ಞತೆ ಹೇಳಿದೆ. ಗಂಟಲು ಕಟ್ಟಿತು. ಕಣ್ಣು ಒರೆಸಿಕೊಂಡು ನೋಡಿದರೆ ಇನ್ನೊಂದು ಚೌಕದಲ್ಲಿ ಬೇರೊಬ್ಬ ಹುಡುಗ ಕೈ ಮುಗಿಯುತ್ತಿದ್ದ. ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟುತ್ತಿದ್ದರು. ಆರು ತಿಂಗಳ ಹಿಂದೆ ಸೇರಿದವನು. ಅವನದೂ ನನ್ನದೇ ಹೆಸರು.

ಥಟ್ಟನೆ 2017ರ ಆಸ್ಕರ್ ನೆನಪಾಯಿತು. ಲಕೋಟೆ ಅದಲುಬದಲಾಗಿ ಅತ್ಯುತ್ತಮ ಚಿತ್ರ ಎಂದು ಬೇರೆ ಚಿತ್ರದ ಹೆಸರು ಓದಿದ್ದರಲ್ಲ, ಅದು. ಒಂದು ಇಡೀ ತಂಡ ವೇದಿಕೆ ಹತ್ತಿ, ಪ್ರಶಸ್ತಿ ಹಿಡಿದು, ಭಾಷಣ ಶುರು ಮಾಡಿದ ಮೇಲೆ ಇಳಿಯಬೇಕಾಯಿತು. ಅವರ ಮಾತನ್ನು ಲೋಕವೆಲ್ಲಾ ಕೇಳಿಸಿಕೊಂಡಿತ್ತು.

ನಡುಗುತ್ತಾ ಪರದೆಯ ಕೆಳಗೆ ನೋಡಿದೆ. ಮೈಕ್ ಮೇಲೆ ಕೆಂಪು ಗೀಟು. ಅಬ್ಬಾ! ಕೃತಜ್ಞತೆಯ ಒಂದಕ್ಷರವೂ ಯಾರಿಗೂ ಕೇಳಿಲ್ಲ.

"ನಿಮ್ಮ ಬಾಯಿ ಆಡ್ತಾ ಇತ್ತು, ಮ್ಯೂಟ್‌ನಲ್ಲಿದ್ದಿರಿ. ಏನೋ ಹೇಳ್ತಿದ್ದಿರಲ್ಲ?" ಎಂದರು ಬಾಸ್.

ಮೈಕ್ ಆನ್ ಮಾಡಿದೆ. "ಏನಿಲ್ಲ ಸಾರ್, ಆ ಹುಡುಗನಿಗೆ ಅಭಿನಂದನೆ ಹೇಳ್ತಿದ್ದೆ."

ಹಿಂದಿನಿಂದ ಮಗಳ ದನಿ ಬಂತು. ಗಟ್ಟಿಯಾಗಿ, ಸ್ಪಷ್ಟವಾಗಿ.

"ಅಪ್ಪಾ, ಪ್ರಶಸ್ತಿ ಬಂತು ಅಂತ ಅಳ್ತಾ ಅಳ್ತಾ ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ, ನನ್ನ ಹೆಸರು ಮಾತ್ರ ಬಿಟ್ಟೆ!"