ಏನಿಲ್ಲ, ಸ್ವಲ್ಪ ಏರು-ಇಳುಕಲು

ಸಫೋಕ್ ಚಪ್ಪಟೆ ಅಂತ ನನಗೆ ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಗೊಂದು ಸೈಕಲ್ ಕೊಟ್ಟು, ಕರ್ಸಿ ಅನ್ನುವ ಹಳ್ಳಿಯ ಚರ್ಚ್ ದಿಬ್ಬದ ಬುಡದಲ್ಲಿ ಬಿಟ್ಟು ಬರಬೇಕು ಅನ್ನಿಸುತ್ತದೆ. ಇಂಗ್ಲೆಂಡಿನ ಪೂರ್ವಕ್ಕಿರುವ ಈ ಕೌಂಟಿಯ ಅತಿ ಎತ್ತರದ ಜಾಗದ ಹೆಸರು ಗ್ರೇಟ್ ವುಡ್ ಹಿಲ್. ಎತ್ತರ 128 ಮೀಟರ್. ನಾನು ಮೈಸೂರಿನವನು. ನಮ್ಮ ಮನೆಯ ಹೊಸ್ತಿಲೇ ಸಮುದ್ರ ಮಟ್ಟದಿಂದ 760 ಮೀಟರ್ ಮೇಲಿತ್ತು, ಹಿತ್ತಿಲಿಗೆ ಹೋದರೆ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಅಂಥವನಿಗೆ 128 ಮೀಟರ್ ಅಂದರೆ ನಗು ಬರದೆ ಇನ್ನೇನು? ನಕ್ಕೆ. ಆಮೇಲೆ ಸೈಕಲ್ ಹತ್ತಿದೆ.

ಇಲ್ಲಿಯವರು ಇಂಥ ಸೀಮೆಗೆ 'ರೋಲಿಂಗ್ ಕಂಟ್ರಿಸೈಡ್' ಅನ್ನುತ್ತಾರೆ. ಕೇಳುವುದಕ್ಕೆ ಹಿತವಾಗಿದೆ, ಅಲ್ವಾ? ಯಾರೋ ಹಸಿರು ಜಮಖಾನ ಕೊಡವಿ ಹಾಸಿದ್ದಾರೆ, ಅದರ ಸುಕ್ಕು ಇನ್ನೂ ಇಳಿದಿಲ್ಲ ಅನ್ನುವ ಹಾಗೆ. ಸೈಕಲ್ ತುಳಿಯುವವರು ಮಾತ್ರ ಅದೇ ಜಾಗಕ್ಕೆ 'ಲಂಪಿ' ಅನ್ನುತ್ತಾರೆ. ಗಂಟುಗಂಟು ಅಂತ. ಸರಿಯಾಗಿ ತಿರುವದ ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು ಸಿಕ್ಕುತ್ತದಲ್ಲ, ಹಾಗೆ. ಮೊದಲನೆಯದು ದೂರ ನಿಂತು ನೋಡಿದವರ ಮಾತು, ಎರಡನೆಯದು ತಿಂದವರದು.

ಹೊರಡುವ ಹಿಂದಿನ ರಾತ್ರಿ ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ಗುಲಾಬಿ ರಟ್ಟಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಫೋನ್ ಇರುವಾಗ ಕಾಗದದ ನಕ್ಷೆ ಯಾಕೆ ಅಂದರೆ, ಸುಮ್ನೆ, ಚಪಲ. ಈ ನಕ್ಷೆಯಲ್ಲಿ ರಸ್ತೆಯ ಏರು ಏಳಕ್ಕೆ ಒಂದಕ್ಕಿಂತ, ಅಂದರೆ ಏಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇಳುವುದಕ್ಕಿಂತ, ಕಡಿದಾಗಿದ್ದರೆ ಅಲ್ಲೊಂದು ಬಾಣದ ತುದಿಯಂಥ ಗುರುತು ಇರುತ್ತದೆ, ಐದಕ್ಕೆ ಒಂದಾದರೆ ಎರಡು ಗುರುತು. ಬಾಣ ಯಾವಾಗಲೂ ಇಳಿಯುವ ಕಡೆಗೆ ತೋರಿಸುತ್ತದೆ. ನಕ್ಷೆ ಮಾಡಿದವರು ಆಶಾವಾದಿಗಳು ಇರಬೇಕು. ನನ್ನ ದಾರಿಯಲ್ಲಿ ಬಾಣಗಳು ಹೆಚ್ಚೇನೂ ಕಾಣಲಿಲ್ಲ, ನೆಮ್ಮದಿಯಾಗಿ ಮಲಗಿದೆ. ಮರೆತದ್ದು ಏನೆಂದರೆ, ಆ ನಕ್ಷೆಯಲ್ಲಿ ಎತ್ತರದ ಗೆರೆ ಎಳೆಯುವುದು ಹತ್ತು ಮೀಟರಿಗೆ ಒಂದು. ಎರಡು ಗೆರೆಗಳ ನಡುವೆ ಎಂಟು ಮೀಟರಿನ ಒಂದು ದಿಬ್ಬ ಆರಾಮಾಗಿ ಬಚ್ಚಿಟ್ಟುಕೊಳ್ಳಬಹುದು. ಒಂದಲ್ಲ, ಇಪ್ಪತ್ತು ಬಚ್ಚಿಟ್ಟುಕೊಂಡಿದ್ದವು.

ಬೆಳಿಗ್ಗೆ ಮಾರ್ಕ್ಸ್ ಟೇ ಸ್ಟೇಷನ್ನಿನಲ್ಲಿ ಸಡ್ಬರಿಯ ಪುಟ್ಟ ರೈಲಿಗೆ ಸೈಕಲ್ ಹತ್ತಿಸಿದೆ. ಇಪ್ಪತ್ತು ನಿಮಿಷದ ಪ್ರಯಾಣ. ನಡುವೆ ಚಾಪೆಲ್ ಎಂಬಲ್ಲಿ ಕಣಿವೆಯ ಮೇಲೆ 32 ಕಮಾನುಗಳ ಇಟ್ಟಿಗೆ ಸೇತುವೆ ಬರುತ್ತದೆ. 1849ರಿಂದ ರೈಲು ಅದರ ಮೇಲೇ ಓಡುತ್ತಿದೆ. ಕಿಟಕಿಯಿಂದ ಕೆಳಗೆ ನೋಡಿ, ಆಹಾ ಎಂಥ ಚೆಂದ ಅಂದುಕೊಂಡೆ. ಒಂದು ಕಣಿವೆ ದಾಟಲು ರೈಲಿನವರು ಲಕ್ಷಗಟ್ಟಲೆ ಇಟ್ಟಿಗೆ ಸುರಿದಿದ್ದಾರೆ ಅಂದಮೇಲೆ ಸೈಕಲ್‌ನವನ ಗತಿ ಏನು ಅಂತ ಆಗಲೇ ಹೊಳೆಯಬೇಕಿತ್ತು.

ಸಫೋಕಿನ ಈ ಭಾಗ ನಿಜಕ್ಕೂ ಚಪ್ಪಟೆಯೇ. ಸುಮಾರು ನಾಲ್ಕೂವರೆ ಲಕ್ಷ ವರ್ಷಗಳ ಹಿಂದೆ ಇಲ್ಲಿ ಕೂತಿದ್ದ ಹಿಮದ ಗಡ್ಡೆ ಕರಗಿ ಹೋಗುವಾಗ ದಪ್ಪಕ್ಕೆ ಜೇಡಿಮಣ್ಣು ಬಳಿದು ಹೋಯಿತು. ಮೇಲೆ ನಿಂತರೆ ಗೋಧಿ ಹೊಲ ಆಕಾಶದ ತನಕ ಮಟ್ಟಸವಾಗಿ ಕಾಣುತ್ತದೆ. ಆದರೆ ಆಮೇಲೆ ಸ್ಟೌರ್, ಬಾಕ್ಸ್, ಬ್ರೆಟ್ ಎಂಬ ಮೂರು ಸಣ್ಣ ಹೊಳೆಗಳು, ಅವುಗಳ ಮರಿ ಹಳ್ಳಗಳು ಸೇರಿಕೊಂಡು ಆ ಮಟ್ಟ ನೆಲವನ್ನು ಮಣೆಯ ಮೇಲೆ ಚಾಕು ಆಡಿಸಿದ ಹಾಗೆ ಗೀರಿಬಿಟ್ಟವು. ಹೊಳೆಯ ಜೊತೆಗೇ ಹೋಗುತ್ತೀರಾ, ಸುಖ. ಹೊಳೆಗೆ ಅಡ್ಡ ಹೋಗುತ್ತೀರಾ, ಪ್ರತಿ ಗೀರಿಗೂ ಇಳಿದು ಹತ್ತಬೇಕು. ನಾನು ಆರಿಸಿಕೊಂಡಿದ್ದು ಅಡ್ಡ ದಾರಿ. ಸಡ್ಬರಿಯಿಂದ ಬಾಕ್ಸ್‌ಫರ್ಡ್, ಕರ್ಸಿ, ಲಿಂಡ್ಸಿ, ಚೆಲ್ಸ್‌ವರ್ತ್, ಲ್ಯಾವನಮ್, ಲಾಂಗ್ ಮೆಲ್‌ಫರ್ಡ್, ಮತ್ತೆ ಸಡ್ಬರಿ. ದಾರಿ ತಪ್ಪಿದ್ದೂ ಸೇರಿ ಐವತ್ತು ಕಿಲೋಮೀಟರ್ ಚಿಲ್ಲರೆ.

ದೊಡ್ಡ ಬೆಟ್ಟಕ್ಕೆ ಒಂದು ಮರ್ಯಾದೆ ಇದೆ ನೋಡಿ. ಅದು ಮುಂಚೆಯೇ ಹೇಳಿಬಿಡುತ್ತದೆ, ನಾನು ಬೆಟ್ಟ, ನೀನು ಸುಸ್ತಾಗುತ್ತೀಯ ಅಂತ. ನೀವೂ ಮನಸ್ಸು ಗಟ್ಟಿ ಮಾಡಿಕೊಂಡು ಒಂದೇ ಲಯದಲ್ಲಿ ತುಳಿಯುತ್ತೀರಿ, ತಿರುವಿನಲ್ಲಿ ನಿಂತು ನೀರು ಕುಡಿಯುತ್ತೀರಿ, ಮೇಲೆ ಹೋದರೆ ದೇವಸ್ಥಾನ, ಎಳನೀರು, ಚುರುಮುರಿ. ಈ ಸಣ್ಣ ದಿಬ್ಬಗಳಿಗೆ ಅಂಥದ್ದೇನೂ ಇಲ್ಲ. ಗೇರು ಇಳಿಸುವಷ್ಟರಲ್ಲಿ ಏರು ಮುಗಿದಿರುತ್ತದೆ, ಏರಿಸುವಷ್ಟರಲ್ಲಿ ಇಳುಕಲೂ ಮುಗಿದು, ತಿರುವಿನಾಚೆ ಇನ್ನೊಂದು ಕಾದು ಕೂತಿರುತ್ತದೆ. ಎರಡೂ ಕಡೆ ಆಳೆತ್ತರದ ಬೇಲಿ, ಹಾಗಾಗಿ ಏನು ಬರುತ್ತಿದೆ ಅಂತ ಕಾಣುವುದೂ ಇಲ್ಲ. ಹತ್ತಿದ ಮೇಲೆ ಸಿಕ್ಕುವುದು ಇನ್ನೊಂದು ಗೋಧಿ ಹೊಲ. ಸಂಜೆ ಫೋನ್ ತೆಗೆದು ಲೆಕ್ಕ ನೋಡಿದೆ. ಒಟ್ಟು ಹತ್ತಿದ್ದು ನಾನೂರು ಮೀಟರಿಗೆ ಜಾಸ್ತಿ. ಮೈಸೂರಿನಿಂದ ಚಾಮುಂಡಿ ಬೆಟ್ಟಕ್ಕೆ ಹತ್ತುವುದೇ ಮುನ್ನೂರು ಚಿಲ್ಲರೆ. ಅಂದರೆ 128 ಮೀಟರ್ ದಾಟದ ಸೀಮೆಯಲ್ಲಿ ನಾನು ಒಂದು ಚಾಮುಂಡಿ ಬೆಟ್ಟ ಪೂರ್ತಿ ಹತ್ತಿ, ಮೇಲೆ ಒಂದಷ್ಟು ಕೊಸರನ್ನೂ ಹತ್ತಿದ್ದೆ, ತಾಯಿಯ ದರ್ಶನ ಮಾತ್ರ ಆಗಲಿಲ್ಲ.

ಕರ್ಸಿ ವಿಷಯಕ್ಕೆ ಬರೋಣ. ದಿಬ್ಬದ ಮೇಲೆ ಚರ್ಚು, ಅಲ್ಲಿಂದ ರಸ್ತೆ ನೆಟ್ಟಗೆ ಕೆಳಗಿಳಿದು ಒಂದು ಹಳ್ಳದೊಳಗೆ ಹೋಗುತ್ತದೆ. ಹೌದು, ಊರಿನ ಮುಖ್ಯ ಬೀದಿಯ ಮೇಲೇ ಹಳ್ಳ ಹರಿಯುತ್ತದೆ, ಕಾರುಗಳು ನೀರಿನಲ್ಲೇ ದಾಟುತ್ತವೆ, ಬಾತುಕೋಳಿಗಳು ಬಂದರೆ ಕಾರುಗಳೇ ನಿಲ್ಲುತ್ತವೆ. ಆಚೆ ದಡದಲ್ಲಿ ರಸ್ತೆ ಮತ್ತೆ ಅಷ್ಟೇ ಕಡಿದಾಗಿ ಮೇಲೇಳುತ್ತದೆ, ಇಕ್ಕೆಲದಲ್ಲೂ ಮರದ ಚೌಕಟ್ಟಿನ ಹಳೇ ಮನೆಗಳು. ಇಳಿಜಾರಿನಲ್ಲಿ ಬಂದ ರಭಸಕ್ಕೇ ಹಳ್ಳ ದಾಟಿ ಅರ್ಧ ದಿಬ್ಬ ಹತ್ತಿಬಿಡೋಣ ಅಂತ ನನ್ನ ಲೆಕ್ಕಾಚಾರ. ಬಾತುಕೋಳಿಗಳ ಲೆಕ್ಕಾಚಾರ ಬೇರೆ ಇತ್ತು. ಬ್ರೇಕ್ ಹಿಡಿದು, ಇಳಿದು, ಪಕ್ಕದ ಕಾಲುಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ಹೋದೆ. ಆಚೆ ಏರಿನ ನಡುಮಧ್ಯದಲ್ಲಿದ್ದಾಗ ಅಮ್ಮನ ಫೋನ್ ಬಂತು. ಅಲ್ಲಿ ಸಂಜೆ ಕಾಫಿ ಹೊತ್ತು.

"ಯಾಕೋ ಹಿಂಗೆ ಏದುಸಿರು ಬಿಡ್ತಿದ್ದೀಯ? ಬೆಟ್ಟ ಹತ್ತುತಿದ್ದೀಯಾ?"

"ಇಲ್ಲಮ್ಮ, ಇಲ್ಲಿ ಬೆಟ್ಟ ಇಲ್ಲ. ಒಂದು ಹಳ್ಳಿ ದಾಟ್ತಿದ್ದೀನಿ."

"ಹಳ್ಳಿ ದಾಟೋಕೆ ಇಷ್ಟು ಸುಸ್ತಾ? ಮೊದಲು ಬಿಪಿ ನೋಡಿಸ್ಕೋ."

ಈ ಕರ್ಸಿ ಹೆಸರಿನ ಒಂದು ಒರಟು ಉಣ್ಣೆ ಬಟ್ಟೆಯೇ ಇತ್ತು, ಒಂದು ಕಾಲಕ್ಕೆ ಯುರೋಪಿನ ಉದ್ದಗಲಕ್ಕೂ ಹೋಗುತ್ತಿತ್ತು. ಸೀರೆಯಿಂದ ಇಳಕಲ್, ಮೊಳಕಾಲ್ಮೂರು ಊರುಗಳ ಹೆಸರು ಉಳಿದ ಹಾಗೆ. ಮುಂದಿನ ಲ್ಯಾವನಮ್ ಕೂಡ ಬಟ್ಟೆಯ ದುಡ್ಡಿನಲ್ಲೇ ಎದ್ದ ಊರು. ಆಮೇಲೆ ವ್ಯಾಪಾರ ಬಿತ್ತು, ಹಳೇ ಮನೆ ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ಕಾಸಿರಲಿಲ್ಲ. ಹಸಿ ಮರದಲ್ಲಿ ಕಟ್ಟಿದ ಮನೆಗಳು ಒಣಗುತ್ತಾ ಸೊಟ್ಟಗಾಗಿ, ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡು ಇವತ್ತಿಗೂ ನಿಂತಿವೆ. ಅಲ್ಲಿ ಚಹಾ ಕುಡಿದು, ಕಾಫಿ-ಅಕ್ರೋಟದ ಕೇಕು ತಿಂದು ಹೊರಗೆ ಬಂದಾಗ ನಾನೂ ಸ್ವಲ್ಪ ಹಾಗೇ ನಿಂತಿದ್ದೆ ಅನ್ನಿಸುತ್ತದೆ.

ನನಗಿಂತ ಮುಂಚಿನವರ ಪಾಡು ನೆನೆಸಿಕೊಂಡರೆ ಸಮಾಧಾನವಾಗುತ್ತದೆ. ಈ ದೇಶದ ಸೈಕಲ್ ಪ್ರವಾಸಿಗರ ಕ್ಲಬ್ ಶುರುವಾಗಿದ್ದು 1878ರಲ್ಲಿ. ಆಗ ಇದ್ದದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ ಇದ್ದ ಸೈಕಲ್. ಅದರಲ್ಲಿ ಏರಿಗಿಂತ ಇಳಿಜಾರೇ ಭಯ, ಜೋರಾಗಿ ಬ್ರೇಕ್ ಹಿಡಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಮುಂದೆ ಬೀಳುತ್ತಿದ್ದ. ಕ್ಲಬ್ಬಿನವರು ಕಡಿದಾದ ದಿಬ್ಬಗಳ ತಲೆಯಲ್ಲಿ 'ಸೈಕಲ್ ಸವಾರರೇ, ಈ ಇಳಿಜಾರು ಅಪಾಯ' ಅಂತ ಬೋರ್ಡು ನೆಟ್ಟಿದ್ದರು. ನಾವು ಇವತ್ತು ಸೈಕಲ್ ಅಂತ ಗುರುತಿಸುವ ಆಕಾರ ಬಂದಿದ್ದು 1885ರಲ್ಲಿ, ಕೊವೆಂಟ್ರಿಯ ಸೈಕಲ್ ತಯಾರಕ ಸ್ಟಾರ್ಲಿಯ ಕೈಯಲ್ಲಿ. ಅದರಲ್ಲೂ ಮೊದಮೊದಲು ಫ್ರೀವೀಲ್ ಇರಲಿಲ್ಲ. ಇಳುಕಲಿನಲ್ಲಿ ಪೆಡಲು ತಾನೇ ಗಿರಗಿರ ತಿರುಗುತ್ತಿತ್ತು, ಸವಾರರು ಎರಡೂ ಕಾಲನ್ನು ಮೇಲೆತ್ತಿ ಮುಂದಿನ ಫೋರ್ಕಿಗೆ ಆನಿಸಿಕೊಂಡು ದೇವರ ಮೇಲೆ ಭಾರ ಹಾಕುತ್ತಿದ್ದರು. ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಚಕ್ರ ಬಂದಿದ್ದು 1902ರಲ್ಲಿ. ಮೈಸೂರಿನಲ್ಲಿ ನಾನು ಒಳಪೆಡಲ್ ಹೊಡೆದು ಕಲಿತ ಹರ್ಕ್ಯುಲಿಸ್ಸಿಗೂ ಮೂಲ ಬರ್ಮಿಂಗ್‌ಹ್ಯಾಮ್. ಆದರೆ ಅದಕ್ಕೆ ಗೇರ್ ಇರಲಿಲ್ಲ. ಗೇರು ನಮ್ಮ ಸೊಂಟದಲ್ಲಿತ್ತು, ಏರು ಬಂದರೆ ಸೀಟು ಬಿಟ್ಟು ಎದ್ದು ನಿಲ್ಲುವುದು.

ಇನ್ನು ಮೊಟ್ಟೆ. ಲಿಂಡ್ಸಿ ದಾಟಿದ ಮೇಲೆ ಒಂದು ಮನೆಯ ಗೇಟಿನ ಹತ್ತಿರ ಮರದ ಗೂಡು, ಅದರೊಳಗೆ ಆರಾರು ಮೊಟ್ಟೆಯ ಡಬ್ಬಿಗಳು, ಪಕ್ಕದಲ್ಲಿ ದುಡ್ಡು ಹಾಕಲು ಒಂದು ತಗಡಿನ ಡಬ್ಬ. ಮಾರುವವರು ಯಾರೂ ಇಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಇದು ಮಾಮೂಲು. ನನಗೆ ಮಾತ್ರ ಪ್ರತಿ ಸಲ ಕೈ ಹಾಗೇ ಜೇಬಿಗೆ ಹೋಗುತ್ತದೆ, ಬೇಕೋ ಬೇಡವೋ ಅನ್ನುವ ಯೋಚನೆ ಆಮೇಲೆ. ಚಿಲ್ಲರೆ ಹಾಕಿ ಒಂದು ಡಬ್ಬಿ ತೆಗೆದು, ಮಳೆ ಜಾಕೆಟ್ಟಿನಲ್ಲಿ ಸುತ್ತಿ ಹ್ಯಾಂಡಲ್ ಚೀಲದಲ್ಲಿಟ್ಟೆ. ನೂರು ಗಜ ಹೋಗಿಲ್ಲ, ಚೆಲ್ಸ್‌ವರ್ತ್ ಕಡೆಗೆ ಇಳಿಜಾರು ಶುರುವಾಯಿತು. ಇಡೀ ದಿನದಲ್ಲೇ ಅಂಥದ್ದು ಇನ್ನೊಂದಿಲ್ಲ. ಉದ್ದಕ್ಕೆ, ನುಣ್ಣಗೆ, ಎದುರಿಗೆ ಒಂದು ಕಾರೂ ಇಲ್ಲ, ಕೆಳಗೆ ಬ್ರೆಟ್ ಹೊಳೆಯ ದಡದ ವಿಲೋ ಮರಗಳು. ಬೆಳಗಿನಿಂದ ಹತ್ತಿದ್ದಕ್ಕೆಲ್ಲ ಸಂಬಳ ಸಿಕ್ಕುವ ಜಾಗ. ನಾನು ಎರಡೂ ಬ್ರೇಕ್ ಅಮುಕಿಕೊಂಡು, ಮದುಮಗಳನ್ನು ಕರೆದುಕೊಂಡು ಹೋಗುವ ಎತ್ತಿನ ಗಾಡಿಯ ಹಾಗೆ, ಮೆಲ್ಲಗೆ ಇಳಿದೆ. ಎಲೆಕ್ಟ್ರಿಕ್ ಸೈಕಲ್ ಮೇಲೆ ಬಂದ ಒಬ್ಬ ಅಜ್ಜ, ಅಜ್ಜಿ 'ಲವ್ಲಿ ಡೇ' ಅನ್ನುತ್ತಾ ನನ್ನನ್ನು ದಾಟಿ ಹೋದರು.

ಕೊನೆಯ ತುಂಡು ಲಾಂಗ್ ಮೆಲ್‌ಫರ್ಡ್ ಕಡೆಯಿಂದ ಸಡ್ಬರಿಗೆ, ಹಳೇ ರೈಲು ಹಳಿ ಕಿತ್ತ ಜಾಗದ ಕಾಲುದಾರಿಯಲ್ಲಿ. ಆ ರೈಲು 1967ರಲ್ಲಿ ನಿಂತಿತು. ರೈಲಿಗೆ ಏರು ಆಗದ ಕಾರಣ ದಾರಿ ಹೊಳೆಯ ಪಕ್ಕದಲ್ಲೇ, ಮೇಜಿನ ಹಾಗೆ ಮಟ್ಟಸ. ಎಷ್ಟು ಸುಖ ಅಂದರೆ ಐದು ನಿಮಿಷದಲ್ಲಿ ಬೇಜಾರು ಬಂತು. ಮನುಷ್ಯನ ಬುದ್ಧಿ.

ಸ್ಟೇಷನ್ನಿನಲ್ಲಿ ಡಬ್ಬಿ ಬಿಚ್ಚಿ ನೋಡಿದೆ. ಆರಕ್ಕೆ ಆರೂ ಹಾಗೇ ಇದ್ದವು. ಒಂದು ಚಾಮುಂಡಿ ಬೆಟ್ಟ ಹತ್ತಿ ಇಳಿದರೂ ಒಂದಕ್ಕೂ ಬಿರುಕಿಲ್ಲ. ರೈಲು ಬಂತು, ಸೈಕಲ್ ಎತ್ತಿ ಒಳಗಿಡುವಾಗ ಹ್ಯಾಂಡಲ್ ಬಾಗಿಲಿಗೆ ತಾಗಿ ಎರಡು ಒಡೆದವು.