ಗಂಗೆ ಒಂದೇ, ಟಿಕೆಟ್ ಎಂಟು

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತನ್ನು ತೀರ್ಥಹಳ್ಳಿಯಲ್ಲಿ ಹುಟ್ಟಿ ಬೆಳೆದ ನನ್ನ ಅಮ್ಮ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದಾಳೆ. 68 ವರ್ಷ ತುಂಗೆಯ ನೀರು ಕುಡಿದದ್ದಾಯಿತು, ಇನ್ನು ಗಂಗೆಯಲ್ಲಿ ಮುಳುಗುವುದೊಂದೇ ಬಾಕಿ ಎಂದು ಕಳೆದ ಯುಗಾದಿಯ ದಿನ ಅವಳು ಹೇಳಿದಾಗ, ಈ ಕಾರ್ತಿಕದಲ್ಲಿ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಳ್ಳಲು ಹೊರಟವಳು ಈಗ ಮೂರು ವಾರಗಳಿಂದ, ರೈಲು ಟಿಕೆಟ್ಟಿನ ಬುಕಿಂಗ್ ತೆರೆಯುವ ಬೆಳಗಿನ ಎಂಟು ಗಂಟೆಯಾಯಿತೆಂದರೆ ಎದೆ ಹೊಡೆದುಕೊಳ್ಳುವ ಸ್ಥಿತಿಗೆ ಬಂದಿದ್ದೇನೆ.

ಅಮ್ಮನ ಆಸೆ ಕಾಶಿಗಷ್ಟೇ ಹೋಗಿ ಬರುವುದಲ್ಲ. ಗಂಗೆ ಬಯಲಿಗೆ ಇಳಿಯುವ ಹರಿದ್ವಾರದಿಂದ ಹಿಡಿದು ಸಾಧ್ಯವಾದಷ್ಟು ಕೆಳಗಿನವರೆಗೆ ನದಿಯ ಜೊತೆಗೇ ಹೋಗಬೇಕು, ಪ್ರತಿ ಊರಿನಲ್ಲೂ ಎರಡು ದಿನ ಘಟ್ಟದ ಮೇಲೆ ಕೂತು ನೀರು ನೋಡಬೇಕು ಎಂದು ಅವಳು ಬಯಸಿದ್ದಳು. ಎಂಟೇ ದಿನಗಳಲ್ಲಿ ಎಲ್ಲವನ್ನೂ ತೋರಿಸಿ ಕರೆತರುವ ಪ್ಯಾಕೇಜುಗಳಿವೆ. ಆದರೆ ಅಮ್ಮನ ಮಂಡಿ ಆ ಓಟಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಹರಿದ್ವಾರ, ಪ್ರಯಾಗ, ಕಾಶಿ, ಪಟ್ನಾ, ಭಾಗಲ್ಪುರ, ಹೌರಾ, ಮತ್ತೆ ಬೆಂಗಳೂರು ಎಂದು ಕಾಗದದ ಮೇಲೆ ಬರೆದುಕೊಂಡೆ. 2,525 ಕಿಲೋಮೀಟರ್ ಉದ್ದದ ನದಿಯ ದಡದಲ್ಲಿ ರೈಲು ಹಳಿ ಹಾಕಿ ಒಂದೂವರೆ ಶತಮಾನವೇ ಕಳೆದಿರುವಾಗ, ಆ ಹಳಿಯ ಮೇಲೆ ಇಬ್ಬರು ಹೆಂಗಸರು ಹದಿನೇಳು ದಿನ ಪ್ರಯಾಣ ಮಾಡುವುದು ದೊಡ್ಡ ವಿಷಯವಾಗಲಾರದು ಎಂದು ನಂಬಿದ್ದೆ.

ಟಿಕೆಟ್ ಕೊಳ್ಳುವ ಜಾಲತಾಣಕ್ಕೆ ಪ್ರವಾಸ ಎಂಬ ಕಲ್ಪನೆಯೇ ಇಲ್ಲ. ಎಲ್ಲಿಂದ, ಎಲ್ಲಿಗೆ, ಯಾವ ದಿನ ಎಂದು ಕೇಳುವ ಅದು ಯಾವ ದಾರಿಯಲ್ಲಿ ಎಂದು ಕೇಳುವುದಿಲ್ಲ. ಬಿಹಾರದಲ್ಲಿ ಹೌರಾದ ಕಡೆಗೆ ಎರಡು ದಾರಿಗಳಿವೆ. ಝಾಝಾ ಮೂಲಕ ಹೋಗುವ ಮುಖ್ಯ ಮಾರ್ಗ ಗಂಗೆಯನ್ನು ಬಿಟ್ಟು ಒಳನಾಡಿಗೆ ತಿರುಗುತ್ತದೆ. ಜಮಾಲ್ಪುರ, ಸುಲ್ತಾನ್‌ಗಂಜ್, ಭಾಗಲ್ಪುರ, ಕಹಲ್‌ಗಾಂವ್, ಸಾಹಿಬ್‌ಗಂಜ್ ಮೂಲಕ ಹೋಗುವ ಲೂಪ್ ಮಾರ್ಗ ನದಿಯ ದಕ್ಷಿಣ ದಡವನ್ನೇ ಹಿಡಿದು ಸಾಗುತ್ತದೆ. ಸುಲ್ತಾನ್‌ಗಂಜ್‌ನಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಶ್ರಾವಣದಲ್ಲಿ ಲಕ್ಷಾಂತರ ಜನ ಆ ನೀರನ್ನು ಕಾವಡಿಯಲ್ಲಿ ಹೊತ್ತು ದೇವಘರಕ್ಕೆ ನಡೆಯುತ್ತಾರೆ. ಯಾವ ರೈಲು ಯಾವ ದಾರಿಯದು ಎಂದು ತಿಳಿಯಲು ಪ್ರತಿಯೊಂದು ರೈಲಿನ ನಿಲ್ದಾಣಗಳ ಪಟ್ಟಿಯನ್ನು ಒಂದೊಂದಾಗಿ ತೆರೆದು, ಭೂಪಟದ ಜೊತೆ ಹೋಲಿಸಿ, ಕೈಯಲ್ಲಿ ಬರೆದುಕೊಂಡೆ. ಅಷ್ಟೆಲ್ಲ ಮಾಡಿದ ಮೇಲೂ ನಮಗೆ ಸೀಟು ಸಿಕ್ಕಿದ್ದು ರಾತ್ರಿಯ ರೈಲಿನಲ್ಲಿ. ಕಿಟಕಿಯ ಆಚೆ ಗಂಗೆ ಇದ್ದರೂ ಅಮ್ಮನಿಗೆ ಕಾಣುವುದು ಕತ್ತಲೆ ಮಾತ್ರ.

ನಿಲ್ದಾಣಗಳ ಹೆಸರುಗಳ ಗೋಜಲು ಬೇರೆ. ಪ್ರಯಾಗರಾಜ್ ಎಂದು ಹುಡುಕಿದರೆ ಜಂಕ್ಷನ್, ಛಿವಕಿ, ರಾಮ್‌ಬಾಗ್, ಸಂಗಮ್, ಪ್ರಯಾಗ್, ಸುಬೇದಾರ್‌ಗಂಜ್, ನೈನಿ ಎಂದು ಸಾಲು ಸಾಲು ನಿಲ್ದಾಣಗಳು. ಕಾಶಿಗೆ ಹೋಗಬೇಕಾದವರ ಮುಂದೆ ವಾರಾಣಸಿ ಜಂಕ್ಷನ್, ಬನಾರಸ್, ವಾರಾಣಸಿ ಸಿಟಿ, ಕಾಶಿ ಎಂಬ ನಾಲ್ಕು ಹೆಸರುಗಳಿವೆ. ನದಿಯ ಆಚೆ ದಡದಲ್ಲಿ 2018ರವರೆಗೆ ಮೊಘಲ್‌ಸರಾಯ್ ಎನಿಸಿಕೊಂಡಿದ್ದ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಇದೆ. ಪಟ್ನಾ ಕಡೆಗಿನ ಎಷ್ಟೋ ರೈಲುಗಳು ವಾರಾಣಸಿಯ ಒಳಗೆ ಬರದೆ ಆ ಜಂಕ್ಷನ್ನಿನಿಂದಲೇ ಮುಂದೆ ಹೋಗುತ್ತವೆ. ಅವುಗಳನ್ನು ಹಿಡಿದರೆ 1887ರಲ್ಲಿ ಕಟ್ಟಿದ ಮಾಳವೀಯ ಸೇತುವೆಯ ಮೇಲೆ ರೈಲಿನಲ್ಲಿ ಕೂತು ಕಾಶಿಯ ಘಟ್ಟಗಳ ಸಾಲನ್ನು ನೋಡುವ ಭಾಗ್ಯ ತಪ್ಪುತ್ತದೆ. ಅಮ್ಮ ವರ್ಷಗಳಿಂದ ಹೇಳುತ್ತಿದ್ದದ್ದು ಆ ನೋಟವನ್ನೇ.

ನನ್ನ ನಿಜವಾದ ಸಿಟ್ಟು ದಿನಾಂಕಗಳ ಮೇಲೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗಿನ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಯಿತು. ತುಂಬ ಮೊದಲೇ ಕಾಯ್ದಿರಿಸಿ ಆಮೇಲೆ ರದ್ದು ಮಾಡುವವರು ಹೆಚ್ಚಿದ್ದಾರೆ ಎಂಬ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೇ ಊರಿಗೆ ಹೋಗಿಬರುವವರಿಗೆ ಅದರಿಂದ ಅನುಕೂಲವೂ ಆಗಿರಬಹುದು. ಆದರೆ ಹದಿನೇಳು ದಿನಗಳಲ್ಲಿ ಎಂಟು ರೈಲು ಹತ್ತಬೇಕಾದವರ ಪಾಡು ಏನೆಂದು ಯಾರಾದರೂ ಯೋಚಿಸಬೇಕಿತ್ತು. ಮೊದಲ ಟಿಕೆಟ್ಟಿನ ಬುಕಿಂಗ್ ಇವತ್ತು ತೆರೆದರೆ ಕೊನೆಯ ಟಿಕೆಟ್ಟಿನದು ತೆರೆಯುವುದು ಹದಿನಾರು ದಿನ ಬಿಟ್ಟು. ಅಂದರೆ ಹೋಗುವ ಟಿಕೆಟ್ಟಿಗೆ ಹಣ ಕಟ್ಟಿ, ಹರಿದ್ವಾರದಲ್ಲಿ ಕೋಣೆ ಗೊತ್ತು ಮಾಡಿ, ಕಾಶಿಯಲ್ಲಿ ಜಂಗಮವಾಡಿ ಮಠದ ಸಮೀಪ ಇಳಿದುಕೊಳ್ಳುವ ವ್ಯವಸ್ಥೆ ಮಾಡಿಕೊಂಡ ಮೇಲೂ, ಮನೆಗೆ ಮರಳಲು ರೈಲು ಸಿಗುತ್ತದೆಯೋ ಇಲ್ಲವೋ ಎಂಬುದು ಗೊತ್ತಿರುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕಿದೆ. ಬುಕಿಂಗ್ ತೆರೆಯುವ ದಿನವನ್ನು ಎಣಿಸುವುದು ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಡುವ ದಿನದ ಲೆಕ್ಕದಲ್ಲಿ. ಹಿಂದಿನ ದಿನ ಬೇರೆಲ್ಲೋ ಹೊರಟು ಮರುದಿನ ನಮ್ಮ ಊರು ಮುಟ್ಟುವ ರೈಲಿನ ಬುಕಿಂಗ್ ನಾನು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ತೆರೆದಿತ್ತು. ಮರುದಿನ ಎಂಟು ಗಂಟೆಗೆ ಸಿದ್ಧಳಾಗಿ ಕೂತಾಗ ಪ್ರಯಾಗ–ಕಾಶಿಯ ಆ ರೈಲಿನಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿತ್ತು.

ವಯಸ್ಸಾದವರ ವಿಷಯದಲ್ಲಂತೂ ನನ್ನ ಹೊಟ್ಟೆ ಉರಿಯುತ್ತದೆ. 58 ದಾಟಿದ ಮಹಿಳೆಯರಿಗೆ ಟಿಕೆಟ್ ದರದಲ್ಲಿ ಸಿಗುತ್ತಿದ್ದ ಶೇಕಡಾ 50ರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಹಣ ಹೋಗಲಿ, ಕೆಳಗಿನ ಬರ್ತ್ ಆದರೂ ಸಿಗಲಿ ಎಂದುಕೊಂಡೆ. ಹಿರಿಯರಿಗಾಗಿ ಇರುವ ಲೋಯರ್ ಬರ್ತ್ ಕೋಟಾ ಸಿಗಬೇಕಾದರೆ ಅವರು ಒಬ್ಬರೇ ಪ್ರಯಾಣ ಮಾಡಬೇಕು, ಇಲ್ಲವೇ ಆ ಕೋಟಾದ ವಯೋಮಿತಿಗೆ ಬರುವ ಇನ್ನೊಬ್ಬರ ಜೊತೆ ಹೋಗಬೇಕು. ನನಗೆ 41 ವರ್ಷ. ಮಗಳು ಜೊತೆಗಿದ್ದಾಳೆ ಎಂಬ ಕಾರಣಕ್ಕೇ ಮಂಡಿ ನೋವಿನ ತಾಯಿಗೆ ಆ ಕೋಟಾ ದಕ್ಕುವುದಿಲ್ಲ. ಬೇರೆ ಬೇರೆಯಾಗಿ ಬುಕ್ ಮಾಡಿದರೆ ಅವಳೊಂದು ಬೋಗಿ, ನಾನೊಂದು ಬೋಗಿಯಾಗುವ ಸಂಭವವಿದೆ. ಹಿಂದಿಯಲ್ಲಿ ಎರಡು ಮಾತು ಬಾರದ ಅಮ್ಮನನ್ನು ರಾತ್ರಿ ಹೊತ್ತು ಬೇರೆ ಬೋಗಿಯಲ್ಲಿ ಬಿಟ್ಟು ನಾನು ನಿದ್ದೆ ಮಾಡಲಾರೆ.

ನಾನು ತಿಂಗಳನ್ನು ಆರಿಸಿಕೊಂಡದ್ದೂ ಕಷ್ಟದ್ದೇ ಆಯಿತು ಎಂಬುದನ್ನು ಒಪ್ಪುತ್ತೇನೆ. ನಮ್ಮಲ್ಲಿ ಕಾರ್ತಿಕ ಆರಂಭವಾಗುವುದು ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲೆ. ಗಂಗೆಯ ಬಯಲಿನಲ್ಲಿ ಹುಣ್ಣಿಮೆಗೇ ಆ ತಿಂಗಳು ಮುಗಿಯುತ್ತದೆ. ದೀಪಾವಳಿಯ ಬೆನ್ನಿಗೇ ಬಿಹಾರದಲ್ಲಿ ಛಠ್ ಹಬ್ಬ ಬರುತ್ತದೆ, ಹುಣ್ಣಿಮೆಯ ದಿನ ಕಾಶಿಯಲ್ಲಿ ದೇವ ದೀಪಾವಳಿ. ಬೆಂಗಳೂರಿನಲ್ಲಿ ನಮ್ಮ ಮನೆಗಳನ್ನು ಕಟ್ಟುವವರು, ವರ್ಷಕ್ಕೊಮ್ಮೆ ಛಠ್‌ಗೆ ಊರಿಗೆ ಹೋಗುವವರು, ಆ ಸೀಟುಗಳನ್ನು ಬಯಸಿದರೆ ಅದರಲ್ಲಿ ತಪ್ಪೇನಿದೆ? ಅವರ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ; ಬಾಗಿಲಿಗೆ ಜೋತುಬಿದ್ದು ಹೋಗುವ ಅವರ ಪಾಡು ನಮ್ಮದಕ್ಕಿಂತ ಕಷ್ಟದ್ದು. ಕೋಪವಿರುವುದು ಆ ಜನರನ್ನೂ ನಮ್ಮನ್ನೂ ಒಂದೇ ಕಿರಿದಾದ ಕೋಟಾದೊಳಗೆ ದೂಡುವ ಕ್ರಮದ ಮೇಲೆ. ದೂರದ ರೈಲುಗಳಲ್ಲಿ ಹೆಚ್ಚಿನ ಸೀಟುಗಳು ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣದ ಕಡೆಗೆ ಹೋಗುವವರ ಪಾಲಾಗುತ್ತವೆ, ನಡುವೆ ಹತ್ತಿ ನಡುವೆ ಇಳಿಯುವವರು ಉಳಿದ ಅಲ್ಪ ಪಾಲಿಗಾಗಿ ಕಿತ್ತಾಡಬೇಕು. ನದಿಯ ಗುಂಟ ಹೋಗುವವರು ಎಲ್ಲ ಕಡೆಯೂ ನಡುವೆಯೇ ಹತ್ತಿ ಇಳಿಯುವವರು. ಕಾರ್ತಿಕ ಬಿಟ್ಟು ಮಾಘ ಸ್ನಾನಕ್ಕೆ ಹೋಗಿ ಎಂದು ನಮ್ಮ ಚಿಕ್ಕಪ್ಪ ಸಲಹೆ ಕೊಟ್ಟರು. ಆ ಹೊತ್ತಿಗೆ ಅಲ್ಲಿ ಮಂಜು ಕವಿದಿರುತ್ತದೆ, ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಕೆಲವನ್ನು ಮೊದಲೇ ರದ್ದು ಮಾಡಿಬಿಡುತ್ತಾರೆ.

ಇಂಥ ಪ್ರಯಾಣಕ್ಕೆಂದೇ ಒಂದು ಟಿಕೆಟ್ ಇದೆ ಎಂದು ತಿಳಿದಾಗ ನನಗಾದ ಸಂತೋಷ ಒಂದು ದಿನವೂ ಬಾಳಲಿಲ್ಲ. ವೃತ್ತ ಪ್ರಯಾಣದ ಟಿಕೆಟ್ ಎಂಬ ಹಳೆಯ ಸೌಲಭ್ಯ ನಿಯಮಗಳಲ್ಲಿ ಇಂದಿಗೂ ಇದೆ. ಹೊರಟ ನಿಲ್ದಾಣಕ್ಕೇ ಮರಳಿ ಬರುವ ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಎಂಟು ಕಡೆಯವರೆಗೆ ಇಳಿದು ತಂಗುವ ಅವಕಾಶ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಹಣವೂ ಉಳಿಯುತ್ತದೆ. ಬೇರೆ ಬೇರೆಯಾಗಿ ಎಂಟು ಟಿಕೆಟ್ ಕೊಂಡರೆ ಆ ಉಳಿತಾಯ ಕೈತಪ್ಪುತ್ತದೆ. ಆ ವೃತ್ತದ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ದಾರಿ ನನಗೆ ಸಿಗಲಿಲ್ಲ. ಕಚೇರಿಗೆ ಅರ್ಧ ದಿನ ರಜೆ ಹಾಕಿ ಕೌಂಟರಿಗೆ ಹೋದರೆ, ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಒಂದು ಕಿಟಕಿಯಲ್ಲಿ ಹೇಳಿದರು. ಇದೆ, ಆದರೆ ವಿಭಾಗದ ವಾಣಿಜ್ಯ ಅಧಿಕಾರಿಗೆ ಪ್ರಯಾಣದ ವಿವರ ಬರೆದು ಅರ್ಜಿ ಕೊಡಬೇಕು ಎಂದು ಇನ್ನೊಂದು ಕಿಟಕಿಯಲ್ಲಿ ಹೇಳಿದರು. ಅರ್ಜಿ ಕೊಟ್ಟು ಟಿಕೆಟ್ ಪಡೆದರೂ ಪ್ರತಿ ರೈಲಿನ ಬರ್ತ್ ಬೇರೆಯಾಗಿಯೇ ಕಾಯ್ದಿರಿಸಬೇಕು ಎಂದು ಅಲ್ಲೇ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ತಿಳಿಸಿದರು. ಒಂದು ಸೌಲಭ್ಯವನ್ನು ಕಾಗದದಲ್ಲಿ ಜೀವಂತವಾಗಿಟ್ಟು, ಅದನ್ನು ಕೇಳಿಕೊಂಡು ಬಂದವರನ್ನು ಕಿಟಕಿಯಿಂದ ಕಿಟಕಿಗೆ ಅಲೆಸುವುದನ್ನು ನಾನು ಕ್ಷಮಿಸಲಾರೆ.

ಒಂದು ರೈಲು ತಡವಾಗಿ ಮುಂದಿನದು ತಪ್ಪಿದರೆ ಏನು ಮಾಡುವುದು ಎಂಬ ಪ್ರಶ್ನೆಗೂ ಅರ್ಧ ಉತ್ತರವೇ ಸಿಗುತ್ತದೆ. 2019ರ ಏಪ್ರಿಲ್‌ನಿಂದ ಎರಡು ಪಿಎನ್‌ಆರ್‌ಗಳನ್ನು, ಅಂದರೆ ಎರಡು ಟಿಕೆಟ್‌ಗಳ ಸಂಖ್ಯೆಗಳನ್ನು, ಜೋಡಿಸಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹಣ ಮರಳುತ್ತದೆ. ಜೋಡಿ ಎರಡಕ್ಕೇ ಮುಗಿಯಿತು. ಮೂರನೆಯ, ನಾಲ್ಕನೆಯ ರೈಲುಗಳು, ಮೊದಲೇ ಹಣ ಕಟ್ಟಿದ ಕೋಣೆಗಳು, ಎಲ್ಲವೂ ಪ್ರಯಾಣಿಕರ ಹಣೆಬರಹ. ವೇಟಿಂಗ್ ಲಿಸ್ಟಿನಲ್ಲಿರುವ ಆನ್‌ಲೈನ್ ಟಿಕೆಟ್ಟಿನ ಗತಿ ಖಚಿತವಾಗಿ ತಿಳಿಯುವುದು ಚಾರ್ಟ್, ಅಂದರೆ ಯಾರಿಗೆ ಯಾವ ಸೀಟು ಎಂಬ ಪಟ್ಟಿ, ಸಿದ್ಧವಾದ ಮೇಲೆಯೇ. ಪರ ಊರಿನಲ್ಲಿ, ಚೀಲ ಕಟ್ಟಿಕೊಂಡು, ವಯಸ್ಸಾದ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸುದ್ದಿಗಾಗಿ ಫೋನು ನೋಡುತ್ತ ಕೂರುವುದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಇವತ್ತು ಬೆಳಗ್ಗೆ ಹೌರಾದಿಂದ ಬೆಂಗಳೂರಿಗೆ ಮರಳುವ ಟಿಕೆಟ್ಟಿನ ಸರದಿ ಇತ್ತು. ಎಂಟು ಹೊಡೆಯುವ ಮೊದಲೇ ಹೆಸರು, ವಯಸ್ಸು ಎಲ್ಲ ತುಂಬಿಟ್ಟುಕೊಂಡು ಕೂತಿದ್ದೆ. ಪುಟ ಎರಡು ಸಲ ನಿಂತುಹೋಯಿತು, ಒಮ್ಮೆ ನನ್ನನ್ನು ಹೊರಗೆ ಹಾಕಿತು. ಹಣ ಕಟ್ಟುವ ಹಂತ ಮುಟ್ಟಿದಾಗ ನಾವಿಬ್ಬರೂ ವೇಟಿಂಗ್ ಲಿಸ್ಟಿನಲ್ಲಿ 47 ಮತ್ತು 48 ಆಗಿದ್ದೆವು. ಹೋಗುವ ಏಳು ಟಿಕೆಟ್‌ಗಳಲ್ಲಿ ಐದು ಖಚಿತವಾಗಿವೆ, ಎರಡು ತೂಗಾಡುತ್ತಿವೆ, ಬರುವುದಕ್ಕೆ ದಾರಿಯಿಲ್ಲ. ಈಗ ಎಲ್ಲವನ್ನೂ ರದ್ದು ಮಾಡಿದರೆ ಎಷ್ಟು ಕಡಿತವಾಗುತ್ತದೆ ಎಂದು ಲೆಕ್ಕ ಹಾಕುತ್ತ ಕೂತಿದ್ದೇನೆ. ಸಂಜೆ ತೀರ್ಥಹಳ್ಳಿಯಿಂದ ಫೋನು ಬಂತು. ಗಂಗೆಯ ನೀರು ತುಂಬಿಕೊಂಡು ಬರಲು ತಾಮ್ರದ ಚೊಂಬಿಗೆ ಬಿಗಿಯಾದ ಮುಚ್ಚಳ ಮಾಡಿಸಿದ್ದೇನೆ, ಒಂದೇ ಸಾಕೋ, ಪಕ್ಕದ ಮನೆಯವರಿಗೂ ಒಂದು ಬೇಕಾಗುತ್ತದೆಯೋ ಎಂದು ಅಮ್ಮ ಕೇಳಿದಳು. ಎರಡು ಇರಲಿ ಎಂದೆ.