ಹುಡುಗರ ಊಟ, ನಮ್ಮ ಕೇಕು

ಹೋದ ವರ್ಷ ಮಗನ ಮೊದಲ ಹುಟ್ಟುಹಬ್ಬಕ್ಕೆ ಒಂದು ಹುಡುಗರ ಹಾಸ್ಟೆಲ್‌ನಲ್ಲಿ ಊಟ ಹಾಕಿಸಿದೆವು. ಬಡವರ ಮನೆ ಹುಡುಗರನ್ನು ಇಟ್ಟುಕೊಂಡು ಓದಿಸುವ ಟ್ರಸ್ಟ್ ಅದು. ಹೆಸರು ಬೇಡ. ತಪ್ಪು ಅವರದಲ್ಲ, ನಮ್ಮದು.

ಹನ್ನೆರಡೂವರೆಗೆ ಬರ್ತೀವಿ ಎಂದಿದ್ದೆವು. ಕೇಕು ತರೋದು ಲೇಟಾಯಿತು, ಅತ್ತೆ ಮನೆಯವರ ಕಾರು ಇನ್ನೂ ಲೇಟು. ತಲುಪಿದಾಗ ಎರಡು ಗಂಟೆ. ಹುಡುಗರು ಎರಡು ಸಾಲಾಗಿ ಕೂತಿದ್ದರು. ಪಲ್ಯ, ಉಪ್ಪಿನಕಾಯಿ ಆಗಲೇ ಬಡಿಸಿಯಾಗಿತ್ತು. ತುದಿಯಲ್ಲಿದ್ದ ಚಿಕ್ಕವನೊಬ್ಬ ಪಲ್ಯದ ಮೇಲಿನ ನೊಣ ಓಡಿಸುತ್ತಿದ್ದ. ನಾವು ಒಳಗೆ ಕಾಲಿಟ್ಟಿದ್ದೇ ಎಲ್ಲರೂ ಎದ್ದು ನಿಂತು ನಮಸ್ಕಾರ ಹೇಳಿದರು. ಆಮೇಲೆ ಕೇಕು. ಆಮೇಲೆ ಹಾಡು. ಆಮೇಲೆ ಫೋಟೊ. ‘ಇನ್ನೊಂದ್ಸಲ ನಗ್ರೋ’ ಎಂದ ನಮ್ಮ ಭಾಮೈದ. ನಕ್ಕರು. ಆ ಚಿಕ್ಕವನು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದ, ‘ಅಣ್ಣ, ಇನ್ನು ಉಣ್ಣಬಹುದಾ?’

ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ದಿನ ನೆನಪಿದೆಯಾ? 2019ರ ಜನವರಿ 21. ಹೋದದ್ದು ಬೆಳಿಗ್ಗೆ, ನಮಗೆಲ್ಲ ಸುದ್ದಿ ಗೊತ್ತಾದದ್ದು ಮಧ್ಯಾಹ್ನ. ಮಕ್ಕಳ ಊಟ ಮುಗಿದ ಮೇಲೇ ತಿಳಿಸಿ ಎಂಬುದು ಅವರದೇ ಇಚ್ಛೆಯಾಗಿತ್ತಂತೆ. ಸಿದ್ಧಗಂಗೆಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು. 111 ವರ್ಷದ ಗುರುವಿನ ಸಾವಿನ ಸುದ್ದಿಯೇ ಅಲ್ಲಿ ಮಕ್ಕಳ ಊಟಕ್ಕಾಗಿ ಕಾಯಿತು. ಇಲ್ಲಿ ಮಕ್ಕಳ ಊಟ ನಮ್ಮ ಒಂದು ಕೇಜಿ ಕೇಕಿಗಾಗಿ ಕಾಯಿತು.

ನಮ್ಮ ತಾತ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮೇಷ್ಟ್ರಾಗಿ ರಿಟೈರ್ ಆಗಿ, ಎಷ್ಟೋ ಹೆಸರು ಮರೆತುಹೋದ ಮೇಲೂ, ಯಾವ ವಾರದ ಮನೆಯಾಕೆ ಎರಡನೇ ಸಲ ಅನ್ನ ಕೇಳಿದರೆ ಮುಖ ಸಿಂಡರಿಸುತ್ತಿದ್ದರು ಅನ್ನೋದು ಅವರಿಗೆ ನೆನಪಿತ್ತು. ಮಠದ ಹಾಸ್ಟೆಲ್‌ನಲ್ಲಿ ಓದಿದ ನನ್ನ ಸಹೋದ್ಯೋಗಿಯನ್ನು ಕೇಳಿದರೆ, ‘ಯಾರ ದುಡ್ಡಲ್ಲಿ ಉಂಡ್ವಿ ಅಂತ ಇವತ್ತಿಗೂ ಗೊತ್ತಿಲ್ಲ ಗುರೂ’ ಅನ್ನುತ್ತಾನೆ. ಗೊತ್ತಿಲ್ಲದೇ ಇರೋದೇ ಒಳ್ಳೆಯದು ಅನ್ನಿಸುತ್ತದೆ ನನಗೆ. ಉಣ್ಣುವ ಹುಡುಗನಿಗೆ ಕೊಟ್ಟವರ ಮುಖ ಯಾಕೆ ಗೊತ್ತಿರಬೇಕು?

ಫೋಟೊ ವಿಷಯಕ್ಕೆ ಬಂದರೆ, ಆಸರೆ, ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮಕ್ಕಳ ಗುರುತು, ಚಿತ್ರ ಬಯಲು ಮಾಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನೇ ಹೇಳುತ್ತದೆ. ಇಂಥ ಮನೆಗಳಲ್ಲಿ ಯಾವ ಹುಡುಗ ಸಮಿತಿಯ ಮೂಲಕ ಬಂದವನು, ಯಾವನು ಅಪ್ಪ ಅಮ್ಮನೇ ತಂದು ಸೇರಿಸಿದವನು ಅಂತ ನಮಗೇನು ಗೊತ್ತು? ನಾನಂತೂ ಹದಿನಾರು ಫೋಟೊ ಹಾಕಿದ್ದೆ. ಈಗ ತೆಗೆದಿದ್ದೇನೆ.

ಕೆಲವು ತಿಂಗಳಾದ ಮೇಲೆ ಒಬ್ಬನೇ ಹೋಗಿ ವಾರ್ಡನ್ ಹತ್ತಿರ ಕೂತೆ. ಸಂಕೋಚ ಬಿಟ್ಟು ಮಾತಾಡಿದರು. ‘ಭಾನುವಾರ ಮೂರು ಮೂರು ಪಾರ್ಟಿ ಕೇಳ್ತಾರೆ ಸರ್. ಮಂಗಳವಾರ ಯಾರೂ ಇಲ್ಲ. ಸ್ವೀಟು ಜಾಸ್ತಿಯಾಗಿ ಹುಡುಗರಿಗೆ ಹೊಟ್ಟೆ ಕೆಡುತ್ತೆ. ಗಣಿತ ಹೇಳಿಕೊಡೋ ಮೇಷ್ಟ್ರಿಗೆ ಎರಡು ತಿಂಗಳಿಂದ ಸಂಬಳ ಕೊಟ್ಟಿಲ್ಲ.’ ಜಾಸ್ತಿ ಚಿಂತೆ 18 ತುಂಬಿದ ಹುಡುಗರದು. ಹೊರಗೆ ಹೋಗುವಾಗ ನೆರವು ಕೊಡಬಹುದು ಅಂತ ಕಾನೂನಿನಲ್ಲಿದೆ. ಆದರೆ ಬಾಡಿಗೆ ರೂಮಿಗೆ ಅಡ್ವಾನ್ಸ್ ಕೊಡೋರು ಯಾರು, ಮೊದಲ ಸಂಬಳ ಬರೋವರೆಗೆ ಬಸ್ಸಿಗೆ ದುಡ್ಡು ಯಾರದು? ಹುಟ್ಟುಹಬ್ಬ ಮಾಡೋರಿಗೆ ಮೀಸೆ ಬಂದ ಹುಡುಗರು ಬೇಡ ಸರ್, ಅಂದರು.

ಈ ಸಲ ಮಗನ ಹುಟ್ಟುಹಬ್ಬಕ್ಕೆ ಮೊದಲೇ ಫೋನ್ ಮಾಡಿ, ‘ನಿಮಗೇನು ಬೇಕೋ ಅದಕ್ಕೆ ಹಾಕಿಕೊಳ್ಳಿ’ ಎಂದೆ. ವಾರ್ಡನ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಜಾರು ಮಾಡ್ಕೋಬೇಡಿ, ಸೆಪ್ಟಿಕ್ ಟ್ಯಾಂಕ್ ತುಂಬಿದೆ’ ಅಂದರು. ಖಾಲಿ ಮಾಡಿಸಿಯಾಯಿತು. ಫೋಟೊ ಇಲ್ಲ. ನಮ್ಮ ಅತ್ತೆಗೆ ಇನ್ನೂ ಹೇಳಿಲ್ಲ.